ಅಂಗೈ ಇಡದ ಗುದ್ದು

ನನ್ನ ಕಿರಿಮಗ ಸಿಂಹಾಚಲಂಗೆ ಮೂತ್ರಪಿಂಡದಲ್ಲಿ ಕೀವು ತುಂಬಿತ್ತು. ವಿಶಾಖಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಮಲಗಿಸಿದ್ದೆವು. ಪ್ರೊಫೆಸರು ವಿದ್ಯಾರ್ಥಿಗಳನ್ನು ಕರೆತಂದು, ಅವನ ಪಕ್ಕೆಲುಬಿನ ಕೆಳಗೆ ಬೆನ್ನ ಮೇಲೆ ಎಡ ಅಂಗೈ ಇಟ್ಟು, ಅದರ ಮೇಲೆ ಮುಷ್ಟಿಯಿಂದ ಮೆಲ್ಲಗೆ ಗುದ್ದಿ ತೋರಿಸಿದರು. ನೋವಾದರೆ ರೋಗ ಅಲ್ಲೇ ಎಂದು ಅರ್ಥವಂತೆ.

ಆಮೇಲೆ ಕಾಮೇಶನೆಂಬ ವಿದ್ಯಾರ್ಥಿಯ ಸರದಿ. ಗಾಬರಿಯಲ್ಲಿ ಅವನು ಅಂಗೈ ಇಡುವುದನ್ನೇ ಮರೆತು ಬರಿ ಬೆನ್ನಿಗೆ ಗುದ್ದಿಬಿಟ್ಟ. ನನ್ನ ಮಗ ಚೀರಿ ಮಂಚದಿಂದ ಉರುಳಿದ. ಹಿರಿಮಗ ಗುರುವುಲು ಅಂಬಲಿಯ ಕ್ಯಾನು ಹಿಡಿದು ಒಳಗೆ ಬಂದದ್ದು ಅದೇ ಹೊತ್ತಿಗೆ.

"ಸಾಯೋನನ್ನ ಸಾಲಾಗಿ ನಿಂತು ಹೊಡೀತೀರೇನ್ರೋ?" ಎಂದವನೇ ಕ್ಯಾನಿನಿಂದ ಕಾಮೇಶನ ಮುಖಕ್ಕೆ ಬಾರಿಸಿ, ಬಿದ್ದವನ ಬೆನ್ನಿಗೆ ಅದೇ ಜಾಗದಲ್ಲಿ ಒದ್ದ. ಕಾವಲಿನವರು ಗುರುವುಲುವಿನ ಬಾಯಲ್ಲಿ ರಕ್ತ ಬರುವ ಹಾಗೆ ಲಾಠಿ ಬೀಸಿ, ಠಾಣೆಗೆ ಎಳೆದೊಯ್ದರು.

"ಕಾಮೇಶ ದೂರಿಗೆ ಸಹಿ ಹಾಕಿದ್ರೆ ನಿನ್ನ ಮಗ ಜೈಲಿಗೇ ಕಣಮ್ಮಾ," ಎಂದರು ಪ್ರೊಫೆಸರು.

ಆ ಒದೆತಕ್ಕೆ ಕಾಮೇಶನ ಮೂತ್ರ ರಕ್ತ ಬೆರೆತು ಕೆಂಪಾಯಿತು. ಅವನನ್ನು ನಮ್ಮ ಪಕ್ಕದ ಮಂಚದಲ್ಲೇ ಮಲಗಿಸಿದರು. ಮರುದಿನ ಬೆಳಿಗ್ಗೆ ಅವನ ಜೊತೆ ಓದುವ ಗೆಳೆಯನೊಬ್ಬ, "ತಿರುಗೋ ಭಾವ, ನಿನ್ನ ಬೆನ್ನಲ್ಲೂ ಕಲೀತೀನಿ," ಎಂದು ತಮಾಷೆಗೆ ಮುಷ್ಟಿ ಎತ್ತಿದ.

"ಮುಟ್ಟಬೇಡ್ವೋ ಪಾಪಿ!" ಎಂದು ಕಿರುಚಿ ಕಾಮೇಶ ಗೋಡೆಗೆ ಒತ್ತಿಕೊಂಡ. ಅವನು ಬಹಳ ಹೊತ್ತು ಸಿಂಹಾಚಲಂನ ಬೆನ್ನನ್ನೇ ನೋಡುತ್ತಿದ್ದ.

"ಅಮ್ಮಾ, ಅವನಿಗೂ ಹಿಂಗೇ ನೋವಾಯ್ತಾ?" ಎಂದು ಕಾಮೇಶ ನನ್ನನ್ನು ಕೇಳಿದ.

"ಅವನಿಗೆ ಒಳಗೆ ಕೀವೂ ಇತ್ತಲ್ಲಪ್ಪಾ," ಎಂದೆ.

ಪೊಲೀಸರು ಬಂದಾಗ ಕಾಮೇಶ ಸಹಿ ಹಾಕಲಿಲ್ಲ. "ಮೊದಲು ಗುದ್ದಿದ್ದು ನಾನೇ ಸಾರ್," ಎಂದ.

ಸಂಜೆ ಠಾಣೆಯಿಂದ ಬಿಟ್ಟ ಮೇಲೆ ಗುರುವುಲು ಊದಿದ ಮುಖ ಹೊತ್ತು ಬಂದು, ಎರಡು ಮಂಚಗಳ ನಡುವೆ ನೆಲದ ಮೇಲೆ ಕೂತ. ಅವನೂ ಕಾಮೇಶನೂ ಒಬ್ಬರನ್ನೊಬ್ಬರು ನೋಡಲಿಲ್ಲ.