ಹುಣಸೆಮರಗಳ ಬಗ್ಗೆ ಒಂದು ಅಭಿಪ್ರಾಯ

ಮಲ್ಲಿನಾಥ ಅಂಗಡಿ ತೆಗೆಯಲು ಬಂದಾಗ ಹಣಮೇಶ ಆಗಲೇ ಕಟ್ಟೆಯ ಮೇಲೆ ಕುಳಿತಿದ್ದ. ಯಾದಗಿರಿಯ ಆಸ್ಪತ್ರೆಯಿಂದ ಮೊದಲ ಬಸ್ಸು ಹಿಡಿದು ಸುರಪುರಕ್ಕೆ ಬಂದಿದ್ದ. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು. ಅವನ ಮಗಳು ದೇವಿಕಾ ಜ್ವರ ಬಂದು ಆಸ್ಪತ್ರೆ ಸೇರಿದ್ದಳು.

"ಹೆಂಗದಾಳೋ ಹುಡುಗಿ?"

"ಕಣ್ಣು ತೆಗೀವಲ್ಲಳ್ರಿ ಸಾವಕಾರ್ರ. ರಕ್ತ ದೂರದ ಲ್ಯಾಬಿಗೆ ಕಳಿಸ್ಯಾರ. ಏನು ಜ್ವರ ಅಂತ ಯಾರೂ ಹೇಳವಲ್ರು." ಹಣಮೇಶ ಎದ್ದು ನಿಂತ. "ನಾ ಬಂದದ್ದು ಮರದ ಸಲುವಾಗಿ. ಇವತ್ತು ನಿಮ್ಮ ಮೀಟಿಂಗ್ ಅದ ಅಲ್ರಿ? ಆ ಗಿಡ ಕಡೀರಿ ಅಂತ ಬರೀರಿ, ಸಾಕು."

ಯಾವ ಮರಗಳೆಂದು ಮಲ್ಲಿನಾಥ ಕೇಳಬೇಕಾಗಿರಲಿಲ್ಲ. ಹಳೆಯ ಬಾವಿಯ ಪಕ್ಕದ ಹುಣಸೆಮರಗಳಲ್ಲಿ ಬಾವಲಿಗಳು ಯಾರ ನೆನಪಿಗೂ ಸಿಗದಷ್ಟು ಹಿಂದಿನಿಂದ ಜೋತು ಬಿದ್ದಿದ್ದವು. ಯಾರೂ ಅವನ್ನು ಲೆಕ್ಕಕ್ಕೆ ಹಿಡಿದವರಲ್ಲ. ಆದರೆ ಹೋದ ವಾರ ಬಾವಿ ಓಣಿಯ ಹುಡುಗನೊಬ್ಬ ಜ್ವರದಿಂದ ತೀರಿಕೊಂಡ. ಆಮೇಲೆ ಯಾರೋ ಫೋನಿನಲ್ಲಿ ಬಾವಲಿ ಜ್ವರದ ವಿಡಿಯೊ ಹಂಚಿದರು. ಅದರ ಬೆನ್ನಿಗೇ ಅದೇ ಓಣಿಯ ದೇವಿಕಾ ಹಾಸಿಗೆ ಹಿಡಿದಳು. ಈಗ ಓಣಿಯ ತಾಯಂದಿರು ಮಕ್ಕಳಿಗೆ ಹೊಸ್ತಿಲು ದಾಟಗೊಡುತ್ತಿರಲಿಲ್ಲ.

ಮರಗಳಿದ್ದದ್ದು ಸರಕಾರಿ ಜಾಗದಲ್ಲಿ. ಕಡಿಯಬೇಕಾದರೆ ಊರಿನ ಪರಿಸರ ಸಲಹಾ ಸಮಿತಿಯ ಅಭಿಪ್ರಾಯ ಬೇಕಿತ್ತು. ಆ ಸಮಿತಿಗೆ ಮಲ್ಲಿನಾಥ ಅಧ್ಯಕ್ಷ. ಬೀಜ, ಗೊಬ್ಬರ ಮಾರುವ ಅವನಿಗೆ ಆ ಕುರ್ಚಿ ಬಂದದ್ದು ಬೇರೆ ಯಾರೂ ಒಲ್ಲೆ ಅಂದದ್ದರಿಂದ. ಇಲ್ಲಿಯವರೆಗೆ ಸಮಿತಿ ಎಲ್ಲಿ ಸಸಿ ನೆಡಬೇಕು, ಕಸದ ಗಾಡಿ ಯಾವ ಓಣಿಗೆ ಹೋಗುತ್ತಿಲ್ಲ ಎಂದು ಹೇಳುತ್ತ ಬಂದಿತ್ತು. ನಗರಸಭೆಯವರು ಕೇಳಿದರೆ ಕೇಳುತ್ತಿದ್ದರು, ಇಲ್ಲದಿದ್ದರೆ ಇಲ್ಲ.

ಎದುರಿಗೆ ನಿಂತ ತಂದೆಯ ಮುಖ ನೋಡಲಾಗದೆ ಮಲ್ಲಿನಾಥ ಅಂದುಬಿಟ್ಟ: "ಆಯ್ತು ತಮ್ಮಾ, ಕಡಸೋಣ. ನೀ ಹುಡುಗಿ ಕಡಿ ಹೋಗು."

ಹಣಮೇಶ ಯಾದಗಿರಿಗೆ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಹೆಂಡತಿಯನ್ನು ಬಿಟ್ಟು ಬಂದಿದ್ದ ಅವನು ಮಧ್ಯಾಹ್ನ ಸಭೆಯ ಹೊತ್ತಿಗೆ ಓಣಿಯ ಮಂದಿಯನ್ನೆಲ್ಲ ಕರೆದುಕೊಂಡು ಬಂದು ನಗರಸಭೆ ಕಚೇರಿಯ ಗೇಟಿನ ಮುಂದೆ ನಿಂತಿದ್ದ. ಕೆಲವರ ಕೈಯಲ್ಲಿ ಕೊಡಲಿ ಇದ್ದವು.

ಒಳಗೆ ಸೇರಿದ್ದು ಸಮಿತಿಯ ಮೂವರೇ. ಉಳಿದ ಸದಸ್ಯರಿಗೆ ಅಂದೇ ಬೇರೆ ಬೇರೆ ಕೆಲಸ ಬಿದ್ದಿದ್ದವು. ನಗರಸಭೆಯ ಅಧಿಕಾರಿ ಕಿಟಕಿಯಿಂದ ಹೊರಗೆ ನೋಡಿ, "ನೀವು ಏನು ಬರೀತೀರೋ ಅದನ್ನ ಅರಣ್ಯ ಇಲಾಖೆಗೆ ಕಳಿಸ್ತೀನ್ರಿ. ಆದಷ್ಟು ಲಗೂ ಆಗ್ಲಿ," ಅಂದರು.

"ಮಂದಿ ಅಂಜ್ಯಾರ. ಕಡೀಬಹುದು ಅಂತ ಬರೆಯೂಣ," ಮಲ್ಲಿನಾಥ ಶುರುಮಾಡಿದ.

ಉರ್ದು ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾಗಿದ್ದ ಖುರ್ಷೀದಬೇಗಂ ಕನ್ನಡಕ ತೆಗೆದರು. "ಕಡದ ಮ್ಯಾಲೆ ಅವು ಎಲ್ಲಿ ಹೋಗ್ತಾವ್ರಿ?"

"ಎಲ್ಲರೆ ಹೋಗ್ತಾವ."

"ಎಲ್ಲರೆ ಅಂದ್ರ? ನಮ್ಮ ಅಂಗಳದ ಬೇವಿಗೆ, ನಿಮ್ಮ ಹಿತ್ತಲ ಮಾವಿಗೆ. ಈಗ ಒಂದ ಕಡಿ ಅದಾವ. ಆಮ್ಯಾಲೆ ಊರ ತುಂಬ."

ಮಲ್ಲಿನಾಥ ಅಮೃತಮ್ಮನ ಕಡೆ ತಿರುಗಿದ. ಮೂವತ್ತು ವರ್ಷ ನರ್ಸ್ ಆಗಿದ್ದಾಕೆ. ಆಕೆ ಒಂದು ಮಾತು ಹೇಳಿದರೆ ಹೊರಗಿನವರೂ ಕೇಳುತ್ತಾರೆ. "ನೀವರೆ ಹೇಳ್ರಿ ಅಕ್ಕಾರ. ಇದು ಬಾವಲಿ ಜ್ವರ ಹೌದೋ ಅಲ್ಲೋ?"

"ನನಗ ಗೊತ್ತಿಲ್ಲ." ಅಮೃತಮ್ಮ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು. "ಯಾರಿಗೂ ಗೊತ್ತಿಲ್ಲ. ಆಗಿರಬಹುದು, ಆಗಿರಲಿಕ್ಕಿಲ್ಲ. ನನಗೂ ಅಂಜಿಕಿ ಅದ. ಆದ್ರ ಒಂದ ಮಾತು. ಆ ಜ್ವರ ಹೌದಂದ್ರ, ಗಿಡ ಹತ್ತಿ ಅವನ್ನ ಎಬ್ಬಿಸೂದು ಎಲ್ಲಕ್ಕಿಂತ ಕೆಟ್ಟ ಕೆಲಸ. ಅಲ್ಲಂದ್ರ, ಸುಮ್ಮನ ಕಡದಂಗ. ವರದಿ ನಾಳಿ ಬರ್ತದ ಅಂತಾರ. ಅಲ್ಲಿತನಕ ಯಾರೂ ಗಿಡದ ಕೆಳಗ ಹೋಗಬಾರದು."

ಹೊರಗಿನ ಗದ್ದಲ ಏರುತ್ತಿತ್ತು. ಮಲ್ಲಿನಾಥ ಮುಂಜಾನೆಯೇ ಹಣಮೇಶನಿಗೆ ಮಾತು ಕೊಟ್ಟಿದ್ದ. ಕಡಿಯಿರಿ ಎಂದು ಬರೆದರೆ ಗೇಟು ದಾಟಿ ತಲೆಯೆತ್ತಿ ಮನೆಗೆ ಹೋಗಬಹುದು. ಬರೆಯದಿದ್ದರೆ ಹೇಗೆ ಹೋಗುವುದೋ ಅವನಿಗೆ ತಿಳಿಯಲಿಲ್ಲ. ಆದರೂ ಅಮೃತಮ್ಮ ಹೇಳಿದ್ದು ಸರಿಯಿತ್ತು. ಕೊನೆಗೆ ಅವನೇ ಬರೆದ. ವರದಿ ಬರುವವರೆಗೆ ಮರ ಮುಟ್ಟಬಾರದು, ಸುತ್ತ ಹಗ್ಗ ಕಟ್ಟಬೇಕು, ಬಾವಲಿ ಕಚ್ಚಿದ ಹಣ್ಣು ಯಾರೂ ತಿನ್ನಬಾರದು. ಕೆಳಗೆ ಸಹಿ ಹಾಕಿ ಕಾಗದವನ್ನು ಮುಂದೆ ಸರಿಸಿದ. ಅಧಿಕಾರಿ ಓದಿ, ಪೊಲೀಸರಿಗೆ ಫೋನ್ ಹಚ್ಚಿದರು.

ಗೇಟಿನ ಬಳಿ ಅದನ್ನು ಓದಿ ಹೇಳುವ ಕೆಲಸ ಅಧ್ಯಕ್ಷನದೇ ಆಯಿತು. ಅವನು ಮುಗಿಸುವ ಮೊದಲೇ ಹಣಮೇಶ ಮುಂದೆ ಬಂದ.

"ಮುಂಜಾನಿ ಏನಂದ್ರಿ ಸಾವಕಾರ್ರ?"

"ಅಂದಿದ್ದೆ. ತಪ್ಪು ಅಂದಿದ್ದೆ."

"ನಿಮ್ಮ ಮಗಳಾಗಿದ್ರ?"

ಹಿಂದಿನಿಂದ ಯಾರೋ, "ಇವರ ಕಾಗದ ತಗೊಂಡು ಏನ್ ಮಾಡ್ತೀರಿ, ನಡೀರಿ!" ಎಂದು ಕೂಗಿದರು. ಮಂದಿ ಬಾವಿಯ ಕಡೆ ತಿರುಗಿತು.

ಮಲ್ಲಿನಾಥ ಓಡಿದ. ವಯಸ್ಸಾದ ಮೇಲೆ ಹಾಗೆ ಓಡಿದ್ದೇ ಇಲ್ಲ. ಅವನು ಬಾವಿ ತಲುಪುವಷ್ಟರಲ್ಲಿ ತಿರುಪತಿ ಎಂಬ ಕಟ್ಟುಮಸ್ತಾದ ಆಳು ಮೊದಲ ಮರ ಏರಿ, ಕೊಂಬೆಯೊಂದನ್ನು ಕಡಿಯತೊಡಗಿದ್ದ. ಕೆಳಗೆ ಪಟಾಕಿಯ ಸರ ಹಚ್ಚಿದರು.

ಸದ್ದಿಗೆ ಮರಗಳೆಲ್ಲ ಒಮ್ಮೆಲೇ ಒಡೆದಂತಾಯಿತು. ಸಾವಿರಾರು ಬಾವಲಿಗಳು ಕಿರುಚುತ್ತ ಎದ್ದವು. ಬಿಸಿಲಿನಲ್ಲಿ ದಿಕ್ಕು ತಪ್ಪಿ ತಲೆಗಳ ಮೇಲೇ ಸುತ್ತಿದವು. ಮೇಲಿನಿಂದ ಉಚ್ಚೆ, ಹಿಕ್ಕೆ ಹನಿಹನಿಯಾಗಿ ಮುಖ, ಭುಜಗಳ ಮೇಲೆ ಬಿತ್ತು. ಕಡಿದ ಕೊಂಬೆ ಬಾಗಿದಾಗ ಅದಕ್ಕೆ ಅಂಟಿದ್ದ ತಾಯಿಯೊಂದು ಮರಿಯನ್ನು ಅವುಚಿಕೊಂಡೇ ಹಣಮೇಶನ ಕಾಲ ಬಳಿ ಬಿತ್ತು. ಒಬ್ಬ ಅದನ್ನು ಎತ್ತಿ ಎಸೆಯಲು ಬಗ್ಗಿದ.

"ಮುಟ್ಟಬ್ಯಾಡ!" ಅಮೃತಮ್ಮ ಏದುಸಿರು ಬಿಡುತ್ತ ಬಂದಿದ್ದಳು. ಅಷ್ಟು ದೊಡ್ಡ ದನಿ ಆಕೆಯದೆಂದು ಯಾರಿಗೂ ಗೊತ್ತಿರಲಿಲ್ಲ. "ಅದಕ್ಕ ರೋಗ ಅದ ಅಂತ ನೀವ ಅಂತೀರಿ, ನೀವ ಕೈಲಿ ಹಿಡೀತೀರಿ? ಮುಖ ಒರಸಬ್ಯಾಡ್ರಿ! ಹೋಗಿ ಸಾಬೂನು ಹಚ್ಚಿ ತೊಳಕೊಳ್ರಿ, ಹೋಗ್ರಿ!"

ಬಗ್ಗಿದವನು ಬೆಂಕಿ ಮುಟ್ಟಿದವನಂತೆ ಹಿಂದೆ ಸರಿದ. ಒಬ್ಬರು ಇನ್ನೊಬ್ಬರ ಭುಜದ ಮೇಲಿನ ಕಲೆ ನೋಡಿದರು. ಹೆಂಗಸರು ಮನೆಗಳಿಗೆ ಓಡಿ ಬಾಗಿಲು ಹಾಕಿಕೊಂಡರು. ಮರದ ಮೇಲಿದ್ದ ತಿರುಪತಿ ಕೊಡಲಿ ಬಿಟ್ಟು ಜಾರಿಕೊಂಡು ಇಳಿದ. ಹಣಮೇಶನೊಬ್ಬ ಕದಲಲಿಲ್ಲ. ಮರಿ ಇನ್ನೂ ತಾಯಿಯ ಎದೆಯಲ್ಲಿ ಮಿಸುಕುತ್ತಿತ್ತು. ಅವನು ಅದನ್ನೇ ನೋಡುತ್ತಿದ್ದ.

ಮಲ್ಲಿನಾಥ ಅವನ ತೋಳು ಹಿಡಿದ. ಹಣಮೇಶ ಕೊಡವಿಕೊಂಡ. "ನನ್ನ ಹುಡುಗಿಗೆ ಏನರೆ ಆದ್ರ," ಅಂದ, "ನಾಳಿ ನಾ ನಿಮ್ಮ ಅಂಗಡಿಗೆ ಬರ್ತೀನಿ."

ಪೊಲೀಸರು ಬಂದು ಹಗ್ಗ ಕಟ್ಟಿದರು. ಬಾವಲಿಗಳು ಇಳಿಹೊತ್ತಿನವರೆಗೂ ಊರ ಮೇಲೆ ಸುತ್ತುತ್ತಲೇ ಇದ್ದವು.

ಮರುದಿನ ಮಲ್ಲಿನಾಥ ಅಂಗಡಿ ತೆರೆದು ಕುಳಿತ. ಗಿರಾಕಿಗಳು ಎದುರಿನ ಅಂಗಡಿಗೆ ಹೋದರು. ಅವನ ಹೆಂಡತಿ ಸವಿತಾ ಊಟ ತಂದಿಟ್ಟು, "ಶಹಾಪುರಕ್ಕ ತಂಗಿ ಮನಿಗಿ ನಾಕು ದಿನ ಹೋಗಿ ಬರೂಣ್ರಿ," ಅಂದಳು. ಅವನು ತಲೆಯಾಡಿಸಲಿಲ್ಲ, ಅನ್ನವನ್ನೂ ಮುಟ್ಟಲಿಲ್ಲ. ಬೀದಿಯಲ್ಲಿ ಬೈಕು ನಿಂತ ಸದ್ದಾದಾಗಲೆಲ್ಲ ಹಣಮೇಶ ಬಂದನೇ ಎಂದು ಎದ್ದು ನೋಡುತ್ತಿದ್ದ.

ಸಂಜೆ ಅಮೃತಮ್ಮ ಫೋನ್ ಮಾಡಿದಳು. "ವರದಿ ಬಂದದ. ಬಾವಲಿ ಜ್ವರ ಅಲ್ಲ. ಡೆಂಗಿ. ಹುಡುಗಿ ಕಣ್ಣು ತೆಗದು ನೀರು ಕೇಳ್ಯಾಳಂತ."

ಮಲ್ಲಿನಾಥ ಫೋನು ಕೆಳಗಿಟ್ಟ. ಸಂತೋಷಪಡಬೇಕೆಂದುಕೊಂಡ. ಆದರೆ ಸತ್ತ ಹುಡುಗನ ತಾಯಿಯ ನೆನಪಾಯಿತು. ಆ ಓಣಿಗೆ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಮನೆಮನೆಯಲ್ಲಿ ಡ್ರಮ್ಮುಗಳು, ಬಾಯಿ ತೆರೆದ ತೊಟ್ಟಿಗಳು. ಡೆಂಗಿಯ ಸೊಳ್ಳೆ ಹುಟ್ಟಿದ್ದು ಅಲ್ಲಿ.

ಸಮಿತಿ ಮತ್ತೆ ಸೇರಿತು. ಈ ಸಲ ಗೇಟಿನಲ್ಲಿ ಯಾರೂ ಇರಲಿಲ್ಲ. ವಾರಕ್ಕೆರಡು ಸಲವಾದರೂ ನೀರು ಬಿಡಿ, ಡ್ರಮ್ಮಿಗೆ ಮುಚ್ಚಳ ಕೊಡಿ, ಅಲ್ಲಿಯವರೆಗೆ ತೊಟ್ಟಿಗಳನ್ನು ಬರಿದು ಮಾಡಿ ತಿಕ್ಕಿಸಿ ಎಂದು ಬರೆದರು. ಅಧಿಕಾರಿ, "ಮುಚ್ಚಳ ಆಗ್ತದ. ನೀರಿನ ಮಾತು ನಾ ಕೊಡಲಾರೆ," ಅಂದರು.

ಮೂವರೂ ಬಾವಿ ಓಣಿಗೆ ಹೋದರು. ಮೊದಲ ಮನೆಯ ಹೆಂಗಸು ಬಾಗಿಲಿಗೆ ಅಡ್ಡ ನಿಂತಳು. "ಚೆಲ್ಲಿದ್ರ ಮುಂದಿನ ವಾರದ ತನಕ ಕುಡಿಯೂದೇನು? ಗಿಡ ಕಡೀರಂದ್ರ ಕಡಿಲಿಲ್ಲ, ಈಗ ನೀರು ಚೆಲ್ಲು ಅಂತ ಬಂದಾರ!" ಎರಡನೆಯ ಮನೆಯವರು ಬಾಗಿಲೇ ತೆಗೆಯಲಿಲ್ಲ.

ಮೂರನೆಯದು ಹಣಮೇಶನ ಮನೆ. ಮಲ್ಲಿನಾಥ ಹೊರಗೇ ನಿಂತ. ಅಮೃತಮ್ಮ ಒಳಗೆ ಹೋಗಿ ಹಿತ್ತಲ ತೊಟ್ಟಿಗೆ ಟಾರ್ಚು ಬಿಟ್ಟಳು. ನೀರಿನಲ್ಲಿ ಸೊಳ್ಳೆಯ ಸಣ್ಣ ಹುಳುಗಳು ತಲೆಕೆಳಗಾಗಿ ಕುಣಿಯುತ್ತಿದ್ದವು. ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಹಣಮೇಶ ಬಗ್ಗಿ ನೋಡಿದ. ಅದೇ ನೀರಿನ ಪಕ್ಕ ದೇವಿಕಾ ದಿನಾಲೂ ಓದಲು ಕುಳಿತುಕೊಳ್ಳುತ್ತಿದ್ದಳು. ಅವನು ಬುಡದ ಬಿರಡೆ ಕಿತ್ತ. ನೀರು ಹಿತ್ತಲೆಲ್ಲ ಹರಿದು ನೆಲಕ್ಕೆ ಇಂಗಿತು. ಅವನು ಕಡೆಯ ಹನಿಯವರೆಗೂ ನಿಂತು ನೋಡಿ ಹೊರಗೆ ಬಂದ.

ಮಲ್ಲಿನಾಥನ ಮುಖ ನೋಡಲಿಲ್ಲ. ಅವನನ್ನು ದಾಟಿ ಹೋಗಿ, ಬಾಗಿಲು ತೆಗೆಯದಿದ್ದ ಮನೆಯ ಕದ ಬಡಿದ.

"ನಾ ಹಣಮೇಶ. ಬಾಗಿಲಾ ತೆಗೀರಿ. ತೊಟ್ಟಿ ನೋಡ್ತಾರಂತ."