ಬಾಣಂತಿಯ ಬಿಸಿನೀರು

ರಾಧಾಮಣಿಯ ಮೈಮೇಲೆ ಬೀಳುವ ಬಿಸಿನೀರಿನ ಬಗ್ಗೆ ಮಾತಾಡುವ ಹಕ್ಕು ಎಲ್ಲರಿಗೂ ಇತ್ತು, ಅವಳೊಬ್ಬಳನ್ನು ಬಿಟ್ಟು. ಹೆತ್ತವಳು ಅವಳು, ಹೊಲಿಗೆ ಹಾಕಿಸಿಕೊಂಡವಳು ಅವಳು, ಬೆಳಗಿನ ಚಳಿಯಲ್ಲಿ ಮಣೆಯ ಮೇಲೆ ಗಡಗಡ ನಡುಗುತ್ತ ಕೂರುವವಳೂ ಅವಳೇ. ನೀರು ಕರೆಂಟಿನಲ್ಲಿ ಕಾಯಬೇಕೋ ಗ್ಯಾಸಿನಲ್ಲಿ ಕಾಯಬೇಕೋ ಎಂದು ತೀರ್ಮಾನಿಸುವವರು ಮಾತ್ರ ಬೇರೆಯವರು. ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಬಿಗಿದು ಕೂರಿಸಿದ್ದರಲ್ಲ, ಬಾಯಿಗೂ ಏನೋ ತುರುಕಿದ್ದೇವೆ ಅಂದುಕೊಂಡಿದ್ದರೋ ಏನೋ.

ಐ.ಡಿ.ಹಳ್ಳಿಯ ಅವಳ ತವರುಮನೆಯಲ್ಲಿ ಮೊದಲು ಹಂಡೆ ಒಲೆ ಇತ್ತು. ಅಪ್ಪ ಮೂಡಲಗಿರಿಯಪ್ಪ ಬಚ್ಚಲಿಗೆ ಟೈಲ್ಸ್ ಹಾಕಿಸಿದ ವರ್ಷ ಹೊಗೆಗೆ ಟೈಲ್ಸ್ ಕಪ್ಪಾಗುತ್ತದೆಂದು ಅದನ್ನು ಕೀಳಿಸಿ, ಗೋಡೆಗೊಂದು ಕರೆಂಟ್ ಗೀಸರ್ ಹಾಕಿಸಿದ್ದ. ಗಂಡಸರು ಮೈತೊಳೆದುಕೊಂಡು ಹೋಗುವುದಕ್ಕೆ ಅದು ಧಾರಾಳವಾಯಿತು. ಆದರೆ ಬಾಣಂತಿಗೆ ನೀರು ಹಾಕುವುದೆಂದರೆ ಅದೇನು ಮೈತೊಳೆಯುವುದೇ? ಸೊಂಟಕ್ಕೆ, ಬೆನ್ನಿಗೆ ಚೆಂಬಿನಲ್ಲಿ ಎತ್ತಿ ಎತ್ತಿ ಬಡಿಯಬೇಕು, ಚರ್ಮ ಕೆಂಪೇರುವ ತನಕ. ಒಂದು ಬಕೆಟ್ ಮುಗಿಯುವಷ್ಟರಲ್ಲಿ ಗೀಸರ್ ತಣ್ಣೀರು ಬಿಡುತ್ತಿತ್ತು. ಬೆಳಗಿನ ಹೊತ್ತು ಆ ಊರಿನ ವೋಲ್ಟೇಜಿನ ಕಥೆ ಕೇಳಲೇಬೇಡಿ. ಬಲ್ಬೇ ಸೊರಗಿಹೋಗಿರುವಾಗ ನೀರು ಎಲ್ಲಿ ಕಾಯಬೇಕು?

"ಒಸಿ ತಡ್ಕಳವ್ವ, ಇನ್ನೇನು ಕಾಯ್ತದೆ," ಎನ್ನುತ್ತಿದ್ದಳು ಅವಳ ಅವ್ವ ಹೊನ್ನಕ್ಕ, ಖಾಲಿ ಚೆಂಬು ಹಿಡಿದುಕೊಂಡು. ಅರ್ಧ ನೆನೆದ ಮೈ, ಎಳೆಯುವ ಹೊಲಿಗೆ, ಒದ್ದೆ ಕೂದಲು. ತಡೆದುಕೊಳ್ಳಬೇಕಂತೆ!

ಹೊರಗೆ ಅಪ್ಪನದು ಇನ್ನೊಂದು ರಾಗ. ಅವನು ಮೀಟರ್ ಮುಂದೆಯೇ ನಿಂತಿರುತ್ತಿದ್ದ. "ಲೇ ಹೊನ್ನೀ, ಫ್ರೀ ಕರೆಂಟಿನ ಲಿಮಿಟ್ಟು ದಾಟೋದ್ರೆ ಬಿಲ್ಲು ಕಟ್ಟೋರು ಯಾರು? ಬ್ಯಾಗ ಮುಗ್ಸಮ್ಮಿ!" ಫ್ರಿಜ್ ಆರಿಸಿದ, ಟಿವಿಯ ಪ್ಲಗ್ ಕಿತ್ತ. ಹೊಲದ ಬೋರ್‌ವೆಲ್ ಎಷ್ಟು ಹೊತ್ತು ಓಡಿದರೂ ತುಟಿ ಬಿಚ್ಚದ ಮನುಷ್ಯ, ಮಗಳ ಬೆನ್ನಿಗೆ ಬೀಳುವ ನೀರಿಗೆ ಲೆಕ್ಕ ಹಾಕುತ್ತಿದ್ದ. ರಾಧಾಮಣಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು, ನೀರಿನ ಬಿಸಿಗಲ್ಲ.

ಈ ಸುದ್ದಿ ಮಧುಗಿರಿಯಲ್ಲಿರುವ ಅವಳ ಅತ್ತೆ ವರಲಕ್ಷ್ಮಿಯ ಕಿವಿಗೆ ಬಿತ್ತು. ಆಕೆ ಮೊಮ್ಮಗಳನ್ನು ನೋಡುವ ನೆಪದಲ್ಲಿ ಬಂದವಳೇ ಪಡಸಾಲೆಯಲ್ಲಿ ಕೂತು ಶುರುಮಾಡಿದಳು. "ನಮ್ಮ ಸೊಸೆಗೆ ಉಗುರು ಬೆಚ್ಚಗಿನ ನೀರು ಹಾಕ್ತಿದೀರಂತೆ ಹೊನ್ನಕ್ಕ? ನಾಳೆ ಸೊಂಟ ಹಿಡ್ಕಂಡ್ರೆ ನೋಡ್ಕೊಳೋರು ನಾವು ತಾನೆ?"

ಮುಂದಿನ ಭಾನುವಾರ ರಾಧಾಮಣಿಯ ಗಂಡ ಕಿರಣ್ ಕುಮಾರ್ ಬೈಕಿನ ಹಿಂದೆ ಗ್ಯಾಸ್ ಗೀಸರ್ ಕಟ್ಟಿಕೊಂಡು ಬಂದ. ಬೀಗರ ಮನೆಯವರು ತಂದುಕೊಟ್ಟರಲ್ಲ ಎಂದು ಮೂಡಲಗಿರಿಯಪ್ಪನಿಗೆ ಮುಖ ಸಣ್ಣಗಾಯಿತು. ಆದರೆ ಮೀಟರ್ ಓಡುವುದಿಲ್ಲವೆಂದು ಗೊತ್ತಾದಾಗ ಆ ಮುಖ ಹಾಗೆಯೇ ಅರಳಿತು. ಹಿತ್ತಿಲಲ್ಲಿಟ್ಟರೆ ಸಿಲಿಂಡರ್ ಯಾರಾದರೂ ಹೊತ್ತುಕೊಂಡು ಹೋದಾರೆಂದು ಗೀಸರನ್ನೂ ಸಿಲಿಂಡರನ್ನೂ ಬಚ್ಚಲೊಳಗೇ ಕೂರಿಸಿಬಿಟ್ಟರು.

ಗೀಸರಿನ ಹೊಟ್ಟೆಯ ಮೇಲೆ ಒಂದು ಚೀಟಿ ಅಂಟಿತ್ತು. ರಾಧಾಮಣಿ ಅದನ್ನು ಓದಿದಳು. ಓದಿದವಳೇ ಕೂಗಿದಳು. "ಅವ್ವ, ಇದನ್ನ ಮುಚ್ಚಿರೋ ಜಾಗ್ದಲ್ಲಿ ಹಚ್ಚಬಾರ್ದಂತೆ. ಕಿಟಕಿ ತೆಗ್ದಿರಬೇಕಂತೆ. ಗ್ಯಾಸ್ ಉರಿದು ಕೆಟ್ಟ ಗಾಳಿ ತುಂಬ್ಕಂಡ್ರೆ ಉಸಿರೇ ನಿಂತೋಗ್ತದಂತೆ."

"ಬಾಣಂತಿಗೆ ನೀರು ಹಾಕುವಾಗ ಕಿಟಕಿ ತೆಗ್ದು ಕೂರ್ತಾರಾ? ಕಂಪ್ನಿಯೋರು ಹೆತ್ತಿದ್ರೆ ತಾನೆ ಗೊತ್ತಾಗಾದು!" ಎಂದಳು ಹೊನ್ನಕ್ಕ. ಹೇಳುತ್ತಲೇ ಹಳೇ ಸೀರೆಯೊಂದನ್ನು ಸುರುಳಿ ಸುತ್ತಿ, ಕಿಟಕಿಯ ಗಾಜಿನ ಪಟ್ಟಿಗಳಿಗೆ ಒಳಗಿನಿಂದ ಒತ್ತಿ ಒತ್ತಿ ತುರುಕಿದಳು. ಬಾಗಿಲ ಸಂದಿಗೆ ಗೋಣಿತಾಟು. ಶೀತಗಾಳಿಗೆ ಒಂದು ಸೂಜಿಯಷ್ಟೂ ದಾರಿ ಉಳಿಯಲಿಲ್ಲ.

ಇದ್ದದ್ದನ್ನು ಇದ್ದಹಾಗೆ ಹೇಳಬೇಕು, ಮೊದಮೊದಲು ಸುಖವಾಗಿಯೇ ಇತ್ತು. ನಲ್ಲಿ ತಿರುಗಿಸಿದರೆ ಕುದಿನೀರು, ಬಕೆಟ್ ಮೇಲೆ ಬಕೆಟ್. ಸೊಂಟದ ನೋವೆಲ್ಲ ಕರಗಿ ಹರಿದುಹೋದ ಹಾಗೆ. ಸಿಲಿಂಡರ್ ಇಷ್ಟು ಬೇಗ ಖಾಲಿಯಾಗುತ್ತದೆಂದು ಯಾರೂ ಎಣಿಸಿರಲಿಲ್ಲ. ಅಪ್ಪ ಈಗ ಮೀಟರ್ ಬಿಟ್ಟು ಸಿಲಿಂಡರನ್ನು ಅಲ್ಲಾಡಿಸಿ ನೋಡುವ ಹೊಸ ಚಟ ಹಿಡಿಸಿಕೊಂಡ.

ಆಮೇಲೆ ರಾಧಾಮಣಿಗೆ ತಲೆನೋವು ಶುರುವಾಯಿತು. ನೀರು ಹಾಕಿಸಿಕೊಂಡು ಎದ್ದರೆ ಸಾಕು, ವಾಕರಿಕೆ, ಕಾಲಲ್ಲಿ ಬಲವಿಲ್ಲ. ಒಂದು ದಿನ ಮಣೆಯಿಂದ ಹಾಗೆಯೇ ಪಕ್ಕಕ್ಕೆ ವಾಲಿಬಿಟ್ಟಳು. ಹೊನ್ನಕ್ಕ ಕಿರುಚಿಕೊಂಡು ಅವಳನ್ನು ದರದರ ಹೊರಗೆಳೆದು ನಡುಮನೆಯಲ್ಲಿ ಮಲಗಿಸಿದಳು. ಕಣ್ಣು ಬಿಟ್ಟಾಗ ಮನೆಯೆಲ್ಲ ಗಿರಗಿರ ತಿರುಗುತ್ತಿತ್ತು.

ಮಧುಗಿರಿಗೆ ಫೋನ್ ಹೋಯಿತು. ವರಲಕ್ಷ್ಮಿ ಸಂಜೆಯ ಬಸ್ಸಿಗೇ ಬಂದಿಳಿದಳು. ಮಲಗಿದ್ದವಳ ತಲೆಯ ಮೇಲೆಯೇ ಬೀಗಿತ್ತಿಯರ ಜಗಳ ಹತ್ತಿಕೊಂಡಿತು.

"ನಿಮ್ಮ ಗ್ಯಾಸು ಬಂದ್ಮೇಲೇ ಇದೆಲ್ಲ. ಕರೆಂಟ್ ನೀರಿಗೆ ನನ್ನ ಮಗಳು ಒಂದಿನಾನೂ ಬಿದ್ದಿರ್ನಿಲ್ಲ!"

"ಕರೆಂಟ್ ನೀರಲ್ಲಿ ಬೀಳೋಕೆ ಬಿಸಿ ಎಲ್ಲಿತ್ತು ಹೊನ್ನಕ್ಕ? ಬಿಲ್ಲು ಉಳಿಸ್ಕೊಟ್ಟಿದೀವಿ, ಅದನ್ನ ನೆನೀರಿ."

"ಸಿಲಿಂಡರ್ ಏನು ಪುಕ್ಸಟ್ಟೆ ಬತ್ತದಾ?"

ಹೀಗೆ ಬೈದಾಡಿಕೊಂಡವರು ಒಂದು ವಿಷಯದಲ್ಲಿ ಮಾತ್ರ ಒಂದಾದರು. ಬಾಣಂತಿಗೆ ಗಾಳಿ ಸೋಕಿದೆ. ಎಲ್ಲೋ ಒಂದು ಸಂದಿ ಉಳಿದಿರಬೇಕು. ಇಬ್ಬರೂ ಒಟ್ಟಿಗೇ ಬಚ್ಚಲಿಗೆ ನುಗ್ಗಿ ಹುಡುಕಾಡಿ, ಬಾಗಿಲ ಮೇಲಿನ ಬಿರುಕಿಗೂ ಬಟ್ಟೆ ತುರುಕಿದರು.

ರಾಧಾಮಣಿಗೆ ತಡೆಯಲಾಗಲಿಲ್ಲ. ಎದ್ದು ಕೂತಳು. "ಗಾಳಿ ಸೋಕಿಲ್ಲ! ಗಾಳಿ ಇಲ್ದೆ ಬಿದ್ದಿದ್ದು ನಾನು! ಚೀಟಿ ಓದ್ದೆ, ಹೇಳ್ದೆ, ಯಾರಾದ್ರೂ ಕೇಳಿದ್ರಾ? ಬೀಳೋಳು ನಾನು, ಬಾಯಿ ನಿಮ್ದು!"

"ಬಾಣಂತಿ ಸಿಟ್ಟು ಮಾಡ್ಕಂಡ್ರೆ ಹಾಲು ಕೆಡ್ತದೆ," ಎಂದಳು ಅವ್ವ. "ಸನ್ನಿ ಇರಬೇಕು, ಮೆಣಸಿನ ಕಷಾಯ ಕೊಡಿ," ಎಂದಳು ಅತ್ತೆ. ರಾಧಾಮಣಿ ಹೇಳಿದ ಮಾತು ಇಬ್ಬರಲ್ಲಿ ಒಬ್ಬರ ಕಿವಿಗೂ ಇಳಿಯಲಿಲ್ಲ. ಥೂ, ಕಿವಿಯಲ್ಲಿ ಹತ್ತಿ ಇದ್ದದ್ದು ಯಾರಿಗೆ!

ಮರುದಿನ ಬೆಳಗ್ಗೆ ರಾಧಾಮಣಿ ಹಟ ಹಿಡಿದು ಕೂತಳು. ಆ ಬಚ್ಚಲಿಗೆ ಕಾಲಿಡುವುದಿಲ್ಲ ಎಂದರೆ ಇಲ್ಲ. ಬಲವಂತ ಮಾಡಿದರೆ ಮಗು ಕಟ್ಟಿಕೊಂಡು ಬಸ್ ಹತ್ತುತ್ತೇನೆ ಎಂದಳು. ಅವ್ವ, ಅತ್ತೆ ಇಬ್ಬರೂ ಅಡುಗೆಮನೆಗೆ ಸರಿದರು. ಅವಳು ಗೆದ್ದೆ ಅಂದುಕೊಂಡು ಗೋಡೆಗೊರಗಿ ಒಂದು ಗಳಿಗೆ ಕಣ್ಣು ಮುಚ್ಚಿದಳು, ರಾತ್ರಿಯೆಲ್ಲ ನಿದ್ದೆಯಿರಲಿಲ್ಲ.

ಕಣ್ಣು ಬಿಟ್ಟಾಗ ಪಕ್ಕದಲ್ಲಿ ಮಗು ಇರಲಿಲ್ಲ.

ಬಚ್ಚಲಿನಿಂದ ಗೀಸರಿನ ಭರ್ರೆನ್ನುವ ಸದ್ದು ಬರುತ್ತಿತ್ತು. ಅವಳು ಬರುವುದಿಲ್ಲವೆಂದರೆ ಮಗುವಿಗಾದರೂ ನೀರು ಹಾಕೋಣವೆಂದು, ಅತ್ತೆ ಕಾಲು ನೀಡಿ ಮಗುವನ್ನು ಮಲಗಿಸಿಕೊಂಡು, ಅವ್ವ ನೀರು ಹೊಯ್ಯುತ್ತ, ಇಬ್ಬರೂ ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು. ಮಗುವಿನ ಅಳು ಕೇಳಿಸಿತು. ಆಮೇಲೆ ಸಣ್ಣಗಾಯಿತು. ಆಮೇಲೆ ಕೇಳಿಸಲಿಲ್ಲ.

ರಾಧಾಮಣಿ ಎದ್ದು ಓಡಿ ಬಾಗಿಲು ಬಡಿದಳು. "ಅವ್ವ! ಬಾಗ್ಲು ತಗೀ! ಗ್ಯಾಸ್ ಆರ್ಸು!"

"ಕೂಸಿಗೆ ಗಾಳಿ ಆಯ್ತದೆ... ತಡಿ..." ಒಳಗಿನಿಂದ ಬಂದ ಅವ್ವನ ದನಿ ತೊದಲುತ್ತಿತ್ತು.

ಬಾಗಿಲ ಹೊರಗೆ ಟವೆಲ್ ಹಿಡಿದುಕೊಂಡು ಅಪ್ಪ ನಿಂತಿದ್ದ. "ಅಪ್ಪ, ಒದ್ದು ತಗೀ!"

"ಹೆಂಗಸ್ರು ಅವ್ರೆ ಒಳಗೆ. ಬೀಗಿತ್ತಿ ಕಾಲು ನೀಡ್ಕಂಡು ಕುಂತವ್ರೆ, ನಾನು ಹೆಂಗೆ ನುಗ್ಲಿ ಕಣಮ್ಮ?"

ಅವನ ಮಾನಮರ್ಯಾದೆ ಕೇಳಿಸಿಕೊಳ್ಳುತ್ತ ನಿಲ್ಲುವ ಹೊತ್ತಲ್ಲ ಅದು. ಅವಳು ಹಿತ್ತಿಲಿಗೆ ಓಡಿದಳು, ಬರಿಗಾಲು, ತಲೆಯ ಬಟ್ಟೆ ಎಲ್ಲೋ ಬಿದ್ದುಹೋಗಿತ್ತು. ಗೋಡೆಗೆ ಒರಗಿಸಿದ್ದ ಗುದ್ದಲಿ ತೆಗೆದುಕೊಂಡು ಅದರ ಮರದ ಹಿಡಿಯಿಂದ ಕಿಟಕಿಗೆ ತಿವಿದಳು. ಗಾಜು ಛಳ್ಳೆಂದು ಕಾಲಬುಡಕ್ಕೆ ಸುರಿಯಿತು, ಒಳಗೆ ತುರುಕಿದ್ದ ಸೀರೆ ಉಳಿದ ಚೂರುಗಳನ್ನು ತಡೆಯಿತು. ಆ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಕರುಳು ಕಿತ್ತ ಹಾಗೆ ಹೊರಗೆಳೆದಳು. ಬಿಸಿಯಾದ ಕೆಟ್ಟ ಹಬೆ ಅವಳ ಮುಖಕ್ಕೆ ಬಡಿಯಿತು.

"ಒದೀ ಅಪ್ಪಾ! ನಿನ್ನ ಮೊಮ್ಮಗಳು ಸಾಯ್ತವಳೆ!"

ಆ ಕೂಗಿಗೆ ಮೂಡಲಗಿರಿಯಪ್ಪ ಒದ್ದ. ಚಿಲಕ ಕಿತ್ತು ಬಂತು. ಹೊನ್ನಕ್ಕ ಗೋಡೆ ಹಿಡಿದು ನಿಲ್ಲಲು ನೋಡುತ್ತಿದ್ದಳು, ಆಗುತ್ತಿರಲಿಲ್ಲ. ವರಲಕ್ಷ್ಮಿ ಕೂತಲ್ಲೇ ತೂಗಾಡುತ್ತಿದ್ದಳು, ಅವಳ ಕಾಲ ಮೇಲೆ ಮಗು ಬಟ್ಟೆಯ ತುಂಡಿನಂತೆ ಬಿದ್ದಿತ್ತು. ಅಷ್ಟರಲ್ಲಿ ಓಡಿ ಬಂದ ರಾಧಾಮಣಿ ಗ್ಯಾಸ್ ತಿರುಗಿಸಿ ಆರಿಸಿ, ಮಗುವನ್ನು ಬಾಚಿಕೊಂಡು ಅಂಗಳಕ್ಕೆ ಬಂದಳು. ಅಂಗಾಲು ತಟ್ಟಿದಳು, ಬೆನ್ನು ಉಜ್ಜಿದಳು. ಅಳೇ, ಅಳೇ ನನ್ನವ್ವ, ಅಳು. ಸುಮ್ಮನಿತ್ತು. ಮತ್ತೆ ತಟ್ಟಿದಳು. ಚಳಿಗಾಳಿ ಬರಿಮೈಗೆ ತಗುಲಿ ಮಗು ಒಮ್ಮೆ ಬಿಕ್ಕಿತು, ಆಮೇಲೆ ಊರೆಲ್ಲ ಕೇಳುವ ಹಾಗೆ ಕಿರುಚಿಕೊಂಡಿತು. ರಾಧಾಮಣಿ ಕಟ್ಟೆಯ ಮೇಲೆ ಕುಸಿದು ಕೂತು ಸೆರಗಲ್ಲಿ ಮಗುವನ್ನು ಸುತ್ತಿಕೊಂಡಳು.

"ಆಟೋ ಕರಿ ಅಪ್ಪ. ಮೂರು ಜನಾನೂ ಆಸ್ಪತ್ರೆಗೆ ಕರ್ಕಂಡೋಗ್ಬೇಕು." ಅವನು ರಸ್ತೆಗೆ ಓಡಿದ.

ಹೊನ್ನಕ್ಕ ಬಾಗಿಲು ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಹೊರಬಂದಳು. ಹಿಂದೆಯೇ ವರಲಕ್ಷ್ಮಿ, ಗೋಡೆಗೆ ಒರಗಿಕೊಂಡು. ಇಬ್ಬರ ತುಟಿಯೂ ಬಿಳುಚಿಕೊಂಡಿತ್ತು. ಅಂಥ ಹೊತ್ತಿನಲ್ಲೂ ಹೊನ್ನಕ್ಕನ ಕೈ ಹಗ್ಗದ ಮೇಲಿದ್ದ ಕಂಬಳಿಯ ಕಡೆಗೇ ಹೋಯಿತು. ಅದನ್ನು ಎಳೆದುಕೊಂಡು, ಮೊಮ್ಮಗಳ ಮುಖ ಮುಚ್ಚಲು ಬಂದಳು. "ಗಾಳಿ ಕಣವ್ವ... ಎಳೇ ಕೂಸು..."

ರಾಧಾಮಣಿ ಕಂಬಳಿ ಕಿತ್ತುಕೊಂಡು ಆಚೆಗೆಸೆದಳು. ಅವಳಿಗೆ ಕೂಗಾಡಬೇಕೆನಿಸಿತು, ಬಾಯಿಗೆ ಬಂದದ್ದನ್ನೆಲ್ಲ ಅನ್ನಬೇಕೆನಿಸಿತು. ಆದರೆ ಅವ್ವ ನಿಂತಲ್ಲೇ ವಾಲುತ್ತಿದ್ದಳು, ಅತ್ತೆ ಅಲ್ಲೇ ನೆಲಕ್ಕೆ ಕೂತು ವಾಂತಿ ಮಾಡಿಕೊಳ್ಳುತ್ತಿದ್ದಳು. ರಾಧಾಮಣಿ ಪಕ್ಕಕ್ಕೆ ಸರಿದು ಕಟ್ಟೆಯ ಮೇಲೆ ಜಾಗ ಮಾಡಿದಳು.

"ಕೂತ್ಕ ಅವ್ವ. ಅತ್ತೆ, ನೀವೂ ಬನ್ನಿ. ಇವತ್ತು ನಾನು ಹೇಳ್ದಂಗೆ ಕೇಳಿ. ಬಾಯಿ ಮುಚ್ಕಂಡು ಉಸಿರಾಡಿ ಇಬ್ರೂ."