ಮೊರ್ವಿಥ್ ಕಾಯ್ದ ಅಕ್ಷರ

ಮೊರ್ವಿಥ್ ಚರ್ಚಿನೊಳಕ್ಕೆ ನೇರವಾಗಿ ಕಾಲಿಟ್ಟದ್ದನ್ನು ಕಂಡವರು ನಮ್ಮ ಲಾನ್‌ವೆಲ್ವೆನ್ ಕಣಿವೆಯಲ್ಲಿ ಒಬ್ಬರೂ ಇಲ್ಲ. ಮಳೆಯಿರಲಿ, ಹಿಮವಿರಲಿ, ಒಳಗೆ ಪಾದ್ರಿಗಳು ಪ್ರಾರ್ಥನೆ ಆರಂಭಿಸಿಯೇ ಬಿಟ್ಟಿರಲಿ, ಎಂಬತ್ತರ ಆ ಮುದುಕಿ ಸಮಾಧಿಭೂಮಿಯ ದುಂಡು ಗೋಡೆಗೆ ಹೊರಗಿನಿಂದ ಒಂದು ಪ್ರದಕ್ಷಿಣೆ ಹಾಕಲೇಬೇಕು. ಬಲಗೈಯ ಬೆರಳುಗಳು ಪಾಚಿಗಟ್ಟಿದ ಕಲ್ಲುಗಳನ್ನು ಸವರುತ್ತ ಸಾಗುತ್ತವೆ, ಕುಂಟುವ ಎಡಗಾಲು ಅವುಗಳಿಗೆ ತಾಳ ಹಾಕುತ್ತದೆ. ಮೈಮೇಲೆ ಗತಿಸಿದ ಗಂಡನ ಕೋಟು. ಅದರ ಒಂದು ಜೇಬಿನಲ್ಲಿ ಗೇಣುದ್ದದ ಚರ್ಚಿನ ಬೀಗದ ಕೈ, ಇನ್ನೊಂದರಲ್ಲಿ ಪುದೀನದ ಮಿಠಾಯಿ. ಯಾಕೆ ಈ ಸುತ್ತು ಎಂದರೆ ಒಂದೇ ಉತ್ತರ: "ಗೋಡೆ ಮೊದಲು."

ಆ ಎರಡು ಪದಗಳಲ್ಲಿ ಅವಳ ಇಡೀ ಪುರಾಣ ಅಡಗಿತ್ತು. ಮುಂದೆ ಸಂತಳೆನಿಸಿದ ಬೆಲ್ವೆನ್ ಎಂಬ ಕುರಿ ಕಾಯುವವಳು ಏಳು ಕುರಿಗಳೊಂದಿಗೆ ಈ ಕಣಿವೆಗೆ ಬಂದಳಂತೆ. ಒಂದು ಹಗಲಲ್ಲಿ ಸುತ್ತಿ ಬಂದಷ್ಟು ನೆಲ ನಿನ್ನದು ಎಂದನಂತೆ ಇಲ್ಲಿಯ ಪಾಳೆಯಗಾರ. ಅವಳು ಸುತ್ತಿದಳು, ಸುತ್ತಿದಲ್ಲೆಲ್ಲ ಕಲ್ಲಿಟ್ಟಳು. ಪ್ರಾರ್ಥನೆಗೊಂದು ತಡಿಕೆಯ ಗುಡಿಸಲು ಎದ್ದದ್ದು ಆಮೇಲೆ. ಕಲ್ಲಿನ ಚರ್ಚು ಬಂದದ್ದು ಇನ್ನೂ ಆರು ನೂರು ವರ್ಷಗಳ ಮೇಲೆ. "ಲಾನ್ ಅಂದ್ರೆ ಚರ್ಚು ಅಂದ್ಕೊಂಡ್ಯಾ, ಪಟ್ಟಣದ ಹುಡುಗೀ? ಲಾನ್ ಅಂದ್ರೆ ಬೇಲಿ ಹಾಕಿದ ಜಾಗ!" ಎಂದು ನನ್ನನ್ನು ಎಷ್ಟು ಸಲ ಹಂಗಿಸಿದ್ದಾಳೋ.

ಈ ವಸಂತದಲ್ಲಿ ಬಿಷಪ್ಪರ ಕಚೇರಿಯಿಂದ ಕಾಗದ ಬಂತು. ಕಣಿವೆಯ ಎರಡು ಚರ್ಚುಗಳಲ್ಲಿ ಹೆಚ್ಚು ಹಳೆಯದೊಂದೇ ಉಳಿಯುವುದು. ನಮ್ಮ ಬಾಗಿಲ ಮೇಲಿನ ಫಲಕದಲ್ಲಿದ್ದುದು 'ಸಂತ ಮೆಲ್ವೆನ್'. ಆ ಮೆಲ್ವೆನ್ ಬೆಲ್ವೆನ್ನಳಿಗಿಂತ ಎಷ್ಟೋ ಶತಮಾನ ಈಚೆಗೆ ನಾರ್ಮನ್ ದೊರೆಗಳ ಜೊತೆ ಬಂದ ಸಂತ, ಕೆಳಗಿನ ಊರಿನ ಆ ಇನ್ನೊಂದು ಚರ್ಚಿಗಿಂತಲೂ ನೂರು ವರ್ಷ ಈಚಿನವನು. ಗೆದ್ದರೆ ಬೆಲ್ವೆನ್ನಳಿಂದಲೇ ಗೆಲ್ಲಬೇಕು. ಆದರೆ ಇಲ್ಲಿಯ ನುಡಿಯ ಚೇಷ್ಟೆ ನೋಡಿ: ಎಳೆಯ ಬಳ್ಳಿ ಎಳವಳ್ಳಿಯಾಗುವಂತೆ, ಮೆಲ್ಲನೆಯ ಮಾತು ಮೆಲ್ವಾತಾಗುವಂತೆ, ಲಾನ್ ಎಂಬ ಹೆಣ್ಣುಪದದ ಪಕ್ಕ ನಿಂತರೆ ಬಕಾರವೂ ವಕಾರ, ಮಕಾರವೂ ವಕಾರ. ಲಾನ್‌ವೆಲ್ವೆನ್ನಿನ ಒಡಲಲ್ಲಿರುವುದು ಬೆಲ್ವೆನ್ನಳೋ ಮೆಲ್ವೆನ್ನನೋ, ಯಾರು ಹೇಳಬೇಕು?

ತನಿಖೆಗೆ ಇಡ್ವಾಲ್ ಪ್ಯೂ ಎಂಬ ಅಧಿಕಾರಿ ಬಂದ ದಿನ ನಾನೂ ಅಲ್ಲಿದ್ದೆ, ಎದೆಗೆ ಹತ್ತು ವಾರದ ಮಗಳನ್ನು ಕಟ್ಟಿಕೊಂಡು. ಜೂನ್ ತಿಂಗಳಲ್ಲಿ ಅವಳ ದೀಕ್ಷಾಸ್ನಾನವಾಗಬೇಕಿದ್ದುದು ಇಲ್ಲೇ. ಈ ತೇವದಲ್ಲಿ ಮಗುವಿಗೆ ಕೆಮ್ಮು ಬಂದರೆ, ಟೋಪಿ ಜಾರಿದರೆ, ಚರ್ಚೇ ಮುಚ್ಚಿದರೆ ಎಂದು ನನ್ನ ಮನಸ್ಸು ಒಂದು ಭಯದಿಂದ ಇನ್ನೊಂದಕ್ಕೆ ಹಾರುತ್ತಿತ್ತು.

"ಬರವಣಿಗೆಯ ಆಧಾರ ಏನಾದ್ರೂ ಇದೆಯಾ, ಆಂಟಿ ಮೊರ್ವಿಥ್?" ಎಂದ ಪ್ಯೂ.

"ನನ್ನಜ್ಜಿ ಹೇಳಿದ್ಳಲ್ಲಪ್ಪಾ."

"ಅಜ್ಜಿ ಮಾತನ್ನ ಬಿಷಪ್ಪರ ಮುಂದಿಡೋಕಾಗತ್ತಾ?"

"ಬಿಷಪ್ಪರಿಗೂ ಒಬ್ಬ ಅಜ್ಜಿ ಇದ್ದಿರಬೇಕು. ಮಿಠಾಯಿ ತಗೋ."

ಪ್ಯೂ ಮಿಠಾಯಿ ತೆಗೆದುಕೊಂಡ, ನಿಟ್ಟುಸಿರಿಟ್ಟ, ಪುಸ್ತಕ ಮಡಚಿದ. ಅಷ್ಟರಲ್ಲಿ ಮೊರ್ವಿಥ್ ಗೋಡೆಯಾಚೆ ಕಣ್ಣು ಹಾಯಿಸಿ ಕೂಗಿದಳು: "ಹಾಳಾದವು! ಮತ್ತೆ ಕಾಯ್ ಬೆಲ್ವೆನ್‌ಗೆ ನುಗ್ಗಿವೆ ನೋಡು!"

ಪ್ಯೂ ಗಕ್ಕನೆ ತಿರುಗಿದ. "ಏನಂದ್ರಿ?"

"ಕುರಿಗಳಿಗಪ್ಪಾ, ನಿನಗಲ್ಲ."

"ಅಲ್ಲ, ಆ ಹೊಲದ ಹೆಸರು! ಇನ್ನೊಂದ್ಸಲ ಹೇಳಿ!"

"ಕಾಯ್ ಬೆಲ್ವೆನ್. ಹುಟ್ಟಿದಾಗಿಂದ ಅದೇ. ಹೊಲಕ್ಕೆ ಇನ್ನೇನಂತ ಕರೀತಾರೆ?"

ಕಾಯ್ ಎಂದರೆ ಹೊಲ, ಅದು ಗಂಡುಪದ. ಅದರ ಪಕ್ಕದಲ್ಲಿ ಯಾರ ಹೆಸರಿನ ಮೊದಲಕ್ಷರವೂ ಬದಲಾಗುವುದಿಲ್ಲ. ಹದಿಮೂರು ಶತಮಾನಗಳ ಕಾಲ ಊರಿನ ಹೆಸರಿನಲ್ಲಿ ಮುಸುಕು ಹೊದ್ದಿದ್ದ ಬಕಾರ, ಚರ್ಚಿನ ಬೆನ್ನಿಗಂಟಿದ ಹೊಲದಲ್ಲಿ ತಲೆಯೆತ್ತಿ ನಿಂತಿತ್ತು! ಪ್ಯೂ ಜಿಲ್ಲಾ ದಾಖಲೆ ಭಂಡಾರಕ್ಕೆ ಓಡಿದ. ಹಳೆಯ ನಕಾಶೆಯಲ್ಲಿ ಆ ತುಂಡು ನೆಲದ ಮೇಲೆ, ಮಾಸಿದ ಮಸಿಯಲ್ಲಿ, ಅದೇ ಬಕಾರ. ನಾನು ಅತ್ತೆ, ನಕ್ಕೆ, ಮಗಳ ಟೋಪಿ ಎಲ್ಲೋ ಬೀಳಿಸಿಕೊಂಡೆ.

ಮೂರು ವಾರದ ಮೇಲೆ ಕಾಗದ ಬಂದಾಗ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು. ಮೊರ್ವಿಥ್ ಅದನ್ನು ಒಡೆಯಲಿಲ್ಲ. ಕೋಟಿನ ಜೇಬಿಗಿಳಿಸಿ ಗೋಡೆಗೆ ಕೈಹಚ್ಚಿ ಹೊರಟಳು. "ಆಂಟಿ, ಮೊದಲು ಓದ್ರೀ!" ಎಂದು ಅಂಗಲಾಚಿದೆ. "ಗೋಡೆ ಮೊದಲು," ಎಂದಳು. ಹಾಗಾಗಿ ನಾವೆಲ್ಲ ಅವಳ ಹಿಂದೆ ಸುತ್ತಿದೆವು, ಮಗಳೂ ಎದೆಯ ಮೇಲೆ ಸುತ್ತಿದಳು. ಸುತ್ತು ಮುಗಿದ ಮೇಲೆಯೇ ತಿಳಿದದ್ದು, ಚರ್ಚು ಉಳಿಯಿತೆಂದು.

ಚರಿತ್ರೆಯನ್ನು ಕಾಯುವವರು ಎಂದರೆ ಕಪಾಟುಗಳ ನಡುವೆ ಕನ್ನಡಕ ಒರೆಸುವವರು ಎಂದುಕೊಂಡಿದ್ದೆ. ಕಾಯುತ್ತಿದ್ದೇವೆಂಬ ಅರಿವೂ ಇಲ್ಲದೆ, ಕುರಿಗಳನ್ನು ಬೈಯುವ ಒಂದು ಬೈಗುಳದೊಳಗೆ ಒಬ್ಬ ಸಂತಳನ್ನು ಬೆಚ್ಚಗಿಟ್ಟುಕೊಂಡು ತಲೆಮಾರುಗಳನ್ನು ದಾಟಿಸುವ ಜನ ಬೇರೆಯೇ ಇದ್ದಾರೆ. ಅವರನ್ನು ಪ್ರಶ್ನೆ ಕೇಳಿದರೆ ಮಿಠಾಯಿ ಸಿಗುತ್ತದೆ. ಉತ್ತರ ಬೇಕೆಂದರೆ ಕುರಿ ಹೊಲಕ್ಕೆ ನುಗ್ಗುವವರೆಗೆ ಕಾಯಬೇಕು.